ಟ್ಯಾಂಕ್ ಎಂಬ ಪದವೂ ಒಂದು ಕೆಂಪು ಶಾಯಿಯ ಗೆರೆಯೂ



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಅಮೆರಿಕದಲ್ಲಿ ನೆಲೆಸಿದ್ದಾಳೆ. ಆಕೆಯ ಐದು ವರ್ಷದ ಮಗ ‘ಥಾಮಸ್ ದ ಟ್ಯಾಂಕ್ ಎಂಜಿನ್’ ಎಂಬ ಮಕ್ಕಳ ಚಿತ್ರಮಾಲಿಕೆಯನ್ನು ನೋಡುತ್ತ, “ಅಮ್ಮಾ, ಥಾಮಸ್ ಯಾರ ಮೇಲೂ ಗುಂಡು ಹಾರಿಸುವುದಿಲ್ಲವಲ್ಲ, ಅವನನ್ನು ಟ್ಯಾಂಕ್ ಎನ್ನುವುದೇಕೆ?” ಎಂದು ಕೇಳಿದನಂತೆ. ತಾಯಿಗೆ ಉತ್ತರ ಹೊಳೆಯದೆ ಮೇಷ್ಟ್ರನ್ನು ಕೇಳಿದಳು. ಉಗಿಬಂಡಿಗಳಲ್ಲಿ ಎರಡು ಬಗೆ. ಕಲ್ಲಿದ್ದಲು, ನೀರುಗಳನ್ನು ಹಿಂದಿನ ಪ್ರತ್ಯೇಕ ಬಂಡಿಯಲ್ಲಿ ಎಳೆದೊಯ್ಯುವುದು ಒಂದು ಬಗೆ. ನೀರನ್ನು ತನ್ನ ಮೈಮೇಲೆಯೇ ತೊಟ್ಟಿಗಳಲ್ಲಿ ಹೊತ್ತು ನಡೆಯುವುದು ಇನ್ನೊಂದು. ಥಾಮಸ್ ಎರಡನೆಯ ಜಾತಿಯವನು. ಹೀಗೆಂದು ಬರೆದು ಕಳುಹಿಸಿದೆ. ಮಗುವಿಗೆ ಸಮಾಧಾನವಾಯಿತಂತೆ.

ಆದರೆ ನನಗೆ ಆಗಲಿಲ್ಲ. ಆ ಪದದೊಡನೆ ನನ್ನದೊಂದು ಹಳೆಯ ಲೆಕ್ಕ ಬಾಕಿ ಇದೆ. ಇಂದು ಅದನ್ನೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಆ ತರಗತಿಯಲ್ಲಿ ಕುಳಿತಿದ್ದವರೇ ಇರಬಹುದು.

1986ನೆಯ ಇಸವಿ. ಬಿ.ಇಡ್. ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ನನ್ನ ಪಾಲಿಗೆ ಬಂದಿದ್ದ ವಿಷಯಗಳು. ಒಂಬತ್ತನೆಯ ತರಗತಿಯವರಿಗೆ ‘ನನ್ನ ಊರು’ ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯಲು ಹೇಳಿದ್ದೆ. ಯಲ್ಲದಕೆರೆಯ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬನ ನೋಟ್ ಪುಸ್ತಕದ ಮೊದಲ ವಾಕ್ಯ ಹೀಗಿತ್ತು: “ಮೈ ವಿಲೇಜ್ ನೇಮ್ ಈಸ್ ಯಲ್ಲದ ಟ್ಯಾಂಕ್.” ಮುಂದೆ, “ದ ಟ್ಯಾಂಕ್ ಈಸ್ ಫುಲ್ ಇನ್ ರೇನ್.”

ನಾನು ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಅದನ್ನು ಇಡೀ ತರಗತಿಗೆ ಓದಿ ಹೇಳಿದೆ. ಊರಿನ ಹೆಸರನ್ನು ಭಾಷಾಂತರಿಸಬಾರದು ಎಂಬ ಪಾಠವನ್ನು ಅಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪೇನೂ ಇರಲಿಲ್ಲ. ಅಲ್ಲಿಗೆ ನಿಲ್ಲಿಸಲಿಲ್ಲ. “ಟ್ಯಾಂಕ್ ಅಂದರೆ ಕಚೇರಿಯ ತಾರಸಿಯ ಮೇಲಿರುವ ತೊಟ್ಟಿ ಕಣಯ್ಯಾ. ಇಲ್ಲದಿದ್ದರೆ ಮಿಲಿಟರಿಯಲ್ಲಿರುವುದು. ಕೆರೆಗೆ ಲೇಕ್ ಎನ್ನಬೇಕು” ಎಂದು ಎರಡನೆಯ ವಾಕ್ಯದ ಟ್ಯಾಂಕನ್ನೂ ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ‘ಲೇಕ್’ ಎಂದು ಬರೆದೆ. ಹುಡುಗರು ಬೆಂಚು ಬಡಿದು ನಕ್ಕರು. ಸಂಜೆಯ ಹೊತ್ತಿಗೆ ಅವನಿಗೆ ‘ಟ್ಯಾಂಕ್’ ಎಂಬ ಅಡ್ಡಹೆಸರು ಬಿದ್ದಿತ್ತು. ಅದು ಅವನು ಶಾಲೆ ಬಿಡುವವರೆಗೂ ಹೋಗಲಿಲ್ಲ. ಆ ದಿನದ ಮೇಲೆ ಅವನು ಇಂಗ್ಲಿಷ್ ಪಿರಿಯಡ್ಡಿನಲ್ಲಿ ತಾನಾಗಿ ಬಾಯಿ ತೆರೆದುದನ್ನು ನಾನು ಕಾಣಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷಿನಲ್ಲಿಯೇ ಹೋಯಿತು.

ನಿವೃತ್ತನಾದ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ದಪ್ಪ ನಿಘಂಟು ಸಿಕ್ಕಿತು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಎಂಬ ಇಬ್ಬರು ಕೂಡಿ ಸಿದ್ಧಪಡಿಸಿ 1886ರಲ್ಲಿ ಪ್ರಕಟವಾದ ಗ್ರಂಥವದು. ಭಾರತದಲ್ಲಿದ್ದ ಆಂಗ್ಲರ ಬಾಯಲ್ಲಿ ಬಳಕೆಯಾಗುತ್ತಿದ್ದ ನಮ್ಮ ನೆಲದ ಪದಗಳ ಕೋಶ. ಸುಮ್ಮನೆ ಪುಟ ತಿರುವುತ್ತಿದ್ದವನ ಕಣ್ಣಿಗೆ ‘ಟ್ಯಾಂಕ್’ ಬಿತ್ತು. ಈ ಪದಕ್ಕೆ ಅಲ್ಲೇನು ಕೆಲಸ ಎಂದುಕೊಂಡು ಓದತೊಡಗಿದೆ. ಓದಿ ಮುಗಿಸಿದಾಗ ಮುಖ ಬಿಸಿಯಾಗಿತ್ತು.

ಇಂಗ್ಲಿಷ್ ಭಾಷೆಗೆ ಈ ಪದ ಬಂದುದು 17ನೆಯ ಶತಮಾನದ ಆರಂಭದಲ್ಲಿ, ಭಾರತಕ್ಕೆ ಬಂದ ವರ್ತಕರ ಮತ್ತು ಪ್ರವಾಸಿಗಳ ಮೂಲಕ. ಆಗ ಅದಕ್ಕಿದ್ದ ಅರ್ಥ ತೊಟ್ಟಿಯಲ್ಲ, ಪೀಪಾಯಿಯಲ್ಲ, ಯುದ್ಧವಾಹನವಂತೂ ಅಲ್ಲವೇ ಅಲ್ಲ. ಕುಡಿಯಲು ಅಥವಾ ಬೇಸಾಯಕ್ಕೆಂದು ಮನುಷ್ಯರು ನೀರನ್ನು ಕಟ್ಟಿ ನಿಲ್ಲಿಸಿದ ಜಲಾಶಯ, ಎಂದರೆ ಕೆರೆ. ಮುಚ್ಚಿದ ದೊಡ್ಡ ಪಾತ್ರೆ ಎಂಬ ಅರ್ಥ ಆಮೇಲೆ, ಅದೇ ಶತಮಾನದ ಕೊನೆಯ ಹೊತ್ತಿಗೆ ಸೇರಿಕೊಂಡಿತು. ಅಂದಮೇಲೆ ಆ ಹುಡುಗ ಬರೆದುದು ಆ ಪದದ ಮೊದಲ ಅರ್ಥವನ್ನೇ. ನಾನು ತಿದ್ದಿ ಬರೆದ ‘ಲೇಕ್’ ಇದೆಯಲ್ಲ, ಅದು ಸಾಮಾನ್ಯವಾಗಿ ಪ್ರಕೃತಿಯೇ ತಗ್ಗಿನಲ್ಲಿ ತುಂಬಿಟ್ಟ ಸರೋವರಕ್ಕೆ ಸಲ್ಲುವ ಪದ. ನಮ್ಮ ಬಯಲುಸೀಮೆಯಲ್ಲಿ ಅಂಥ ಸರೋವರಗಳು ಎಲ್ಲಿವೆ? ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ಸೀಮೆಯಲ್ಲಿ ನಿಂತ ನೀರೆಲ್ಲವೂ ಯಾರೋ ಮಣ್ಣು ಹೊತ್ತು ನಿಲ್ಲಿಸಿದ ನೀರೇ.

ಇನ್ನು ಈ ಪದದ ಮೂಲ. ಇಲ್ಲಿ ಪಂಡಿತರಲ್ಲಿ ಎರಡು ಪಕ್ಷ. ಒಂದು ಪಕ್ಷದವರ ಪ್ರಕಾರ ಇದು ನಮ್ಮ ನೆಲದ್ದೇ. ಗುಜರಾತಿಯಲ್ಲಿ ‘ಟಾಂಕು’, ‘ಟಾಂಕಿ’, ಮರಾಠಿಯಲ್ಲಿ ‘ಟಾಂಕೆ’ ಎಂದರೆ ನೀರು ಸಂಗ್ರಹಿಸುವ ನೆಲಮಾಳಿಗೆ ಅಥವಾ ತೊಟ್ಟಿ. ಅಹಮದಾಬಾದಿನ ಹಳೆಯ ಪೋಳುಗಳ ಮನೆಗಳಲ್ಲಿ ಅಂಗಳದ ಕೆಳಗೆ ಮಳೆನೀರಿನ ಟಾಂಕಾಗಳು ಇವೆ. ರಾಜಸ್ಥಾನದ ಮರಳುಸೀಮೆಯಲ್ಲಿಯೂ ಅದೇ ಹೆಸರು. ಇವುಗಳ ಹಿಂದೆ ಸಂಸ್ಕೃತದ ‘ತಡಾಗ’ವಿರಬಹುದು ಎಂದು ಹೇಳುವವರೂ ಉಂಟು. ಇನ್ನೊಂದು ಪಕ್ಷ ಪೋರ್ಚುಗಲ್ಲಿನತ್ತ ಬೆರಳು ತೋರಿಸುತ್ತದೆ. ಪೋರ್ಚುಗೀಸಿನಲ್ಲಿ ‘ತಾಂಕೆ’ ಎಂದರೆ ಕೊಳ. ‘ಎಸ್ತಾಂಕಾರ್’ ಎಂದರೆ ಹರಿಯುವುದನ್ನು ತಡೆದು ನಿಲ್ಲಿಸುವುದು. ಗಾಯದಿಂದ ಹರಿಯುವ ರಕ್ತವನ್ನು ತಡೆಯುವುದಕ್ಕೆ ಇಂಗ್ಲಿಷಿನವರು ಹೇಳುವ ‘ಸ್ಟಾಂಚ್’ ಇದರ ಸೋದರ. ಸ್ಪೇನಿನವರು ಇದೇ ಬೇರಿನಿಂದ ಸರ್ಕಾರ ಮಾತ್ರ ಮಾರಬಹುದಾದ ತಂಬಾಕಿನ ಅಂಗಡಿಗೆ ‘ಎಸ್ತಾಂಕೊ’ ಎಂದು ಹೆಸರಿಟ್ಟರು. ಮಾರಾಟದ ಹರಿವಿಗೂ ಒಂದು ಏರಿ ಹಾಕಿದಂತೆ!

ಯಾವ ಪಕ್ಷ ಸರಿ? ಎರಡೂ ಹೊಳೆಗಳು ಒಂದೇ ಪದದಲ್ಲಿ ಕೂಡಿಕೊಂಡಿವೆ ಎಂಬುದೇ ನನಗೆ ಒಪ್ಪಿಗೆಯಾದ ಮಾತು. ಹಾಬ್ಸನ್-ಜಾಬ್ಸನ್ನಿನಲ್ಲಿ ಈ ಪದಕ್ಕೆ ಕೊಟ್ಟಿರುವ ಒಂದು ಹಳೆಯ ಪ್ರಯೋಗ ವಾಸ್ಕೋ ಡ ಗಾಮನ ಮೊದಲ ಯಾನದ ದಿನಚರಿಯದು, 1498ರದು. ಕಲ್ಲಿಕೋಟೆಯಲ್ಲಿ ಅವರನ್ನು ಒಂದು ದೇವಸ್ಥಾನಕ್ಕೆ ಕರೆದೊಯ್ದರು. ಅವರು ಅದನ್ನು ಇಗರ್ಜಿಯೆಂದೇ ಭಾವಿಸಿದರು. ಗೋಡೆಯ ಮೇಲಿನ ದೇವತೆಗಳ ಚಿತ್ರಗಳನ್ನು ಸಂತರೆಂದು ತಿಳಿದರು. ಅದರ ಬಳಿ ಕಲ್ಲುಕಟ್ಟಡದ ದೊಡ್ಡದೊಂದು ‘ತಾಂಕೆ’ ಇತ್ತೆಂದೂ ದಾರಿಯಲ್ಲಿ ಅಂಥವನ್ನು ಹಲವು ಕಂಡೆವೆಂದೂ ದಿನಚರಿಕಾರ ಬರೆದಿದ್ದಾನೆ. ದೇವಸ್ಥಾನವನ್ನು ಇಗರ್ಜಿಯೆಂದು ತಪ್ಪು ತಿಳಿದವರು ಕೊಳವನ್ನು ಮಾತ್ರ ಸರಿಯಾಗಿ ಗುರುತಿಸಿದರು. ತಮ್ಮ ಊರಿನ ಪದವೂ ಇಲ್ಲಿನ ಪದವೂ ಕಿವಿಗೆ ಒಂದೇ ಬಗೆಯಾಗಿ ಕೇಳಿದಾಗ ಆ ಪದ ಬೇರೂರದೆ ಇದ್ದೀತೆ?

ಈ ‘ತಡೆದು ನಿಲ್ಲಿಸು’ ಎಂಬ ಅರ್ಥ ನನ್ನನ್ನು ಮತ್ತೆ ನಮ್ಮ ಕೆರೆಯತ್ತ ಎಳೆಯಿತು. ಹಳಗನ್ನಡದಲ್ಲಿ ಕೆರೆಯನ್ನು ಶಕಟರೇಫದಿಂದ ‘ಕೆಱೆ’ ಎಂದು ಬರೆಯುತ್ತಿದ್ದರು. ತೆಲುಗಿನಲ್ಲಿ ಇದೇ ‘ಚೆರುವು’. ನಮ್ಮ ಕಿವಿ ತೆಲುಗಿನಲ್ಲಿ ಚೆವಿಯಾದಂತೆ, ನಮ್ಮ ಕಕಾರ ಅಲ್ಲಿ ಚಕಾರವಾಗಿದೆ. ಹಿರಿಯೂರು, ಚಳ್ಳಕೆರೆ ಕಡೆಯ ಮನೆಗಳಲ್ಲಿ ಎರಡೂ ಮಾತು ಕೇಳಿ ಬೆಳೆದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ. ತಮಿಳಿನಲ್ಲಿ ‘ಸಿಱೈ’ ಎಂಬುದಕ್ಕೆ ನೀರಿನ ಅಣೆ, ಕೆರೆ ಎಂಬ ಅರ್ಥವಿದೆ. ಬಂಧನ, ಸೆರೆಮನೆ ಎಂಬ ಅರ್ಥವೂ ಇದೆ. ಸ್ವಾರಸ್ಯವೆಂದರೆ ಅಮೆರಿಕದ ಆಡುಮಾತಿನಲ್ಲಿ, ಕುಡಿದು ಗಲಾಟೆ ಮಾಡಿದವರನ್ನು ರಾತ್ರಿ ಕೂಡಿಹಾಕುವ ಪೊಲೀಸ್ ಠಾಣೆಯ ಕೊಠಡಿಗೂ ‘ಟ್ಯಾಂಕ್’ ಎನ್ನುತ್ತಾರೆ. ನೀರನ್ನು ಸೆರೆಹಿಡಿಯುವುದಕ್ಕೂ ಮನುಷ್ಯನನ್ನು ಸೆರೆಹಿಡಿಯುವುದಕ್ಕೂ ಜಗತ್ತಿನ ಎರಡು ಮೂಲೆಗಳವರು ಬೇರೆ ಬೇರೆಯಾಗಿ ಒಂದೇ ಪದವನ್ನು ಬಳಸಿದರು. ಇನ್ನೊಂದು ತಮಾಷೆ: ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ, ನಮ್ಮಲ್ಲಿ ಕೆರೆಯ ದಂಡೆ. ಅವರು ನೀರನ್ನು ನೋಡಿದರು, ನಾವು ನೀರನ್ನು ನಿಲ್ಲಿಸಿದ ಮಣ್ಣನ್ನು ನೋಡಿದೆವು ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ವ್ಯಾಕರಣ ಪಂಡಿತರು ಇದನ್ನು ಒಪ್ಪಲಾರರು. ಮೇಷ್ಟ್ರ ಹುಚ್ಚು ಎಂದು ಬಿಟ್ಟುಬಿಡಿ.

ಕೆರೆ ಕಟ್ಟುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಗೆ ನಿಮ್ಮನ್ನೆಲ್ಲ ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ದಿದ್ದೆ, ನೆನಪಿರಬಹುದು. ಊಟದ ಡಬ್ಬಿ ಬಿಚ್ಚುವ ಆತುರದಲ್ಲಿದ್ದ ನೀವು ಯಾರೂ ನೋಡದ ಬಂಡೆಯೊಂದು ಅಲ್ಲಿದೆ. ಅದರ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕಾಲ 4ನೆಯ ಶತಮಾನ. ಬನವಾಸಿಯ ರಾಜವಂಶದ ಮೂಲಪುರುಷನಾದ ಆತ ಆ ಕಲ್ಲಿನ ಮೇಲೆ ಹೇಳಿಕೊಂಡಿರುವುದು ‘ತಟಾಕ’ವೊಂದನ್ನು ನಿರ್ಮಿಸಿದ ಸಂಗತಿಯನ್ನು. ಟ್ಯಾಂಕಿನ ಮೂಲ ತಡಾಗವೇ ಆಗಿದ್ದಲ್ಲಿ, ಆ ಪದದ ಬಂಧುವೊಂದು ನಮ್ಮ ಜಿಲ್ಲೆಯ ಕಲ್ಲಿನ ಮೇಲೆ ಹದಿನಾರು ಶತಮಾನಗಳಿಂದ ಕುಳಿತಿದೆ ಎಂದಾಯಿತು. ಇದೇ ವಂಶದ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ತಾಳಗುಂದದ ಸ್ತಂಭಶಾಸನ ಹೇಳುತ್ತದೆ.

ಶಾಸನಗಳ ವಿಚಾರ ಬಂದಾಗ ಪೋರುಮಾಮಿಳ್ಳದ ಶಾಸನವನ್ನು ಬಿಡಲಾರೆ. ಅದು ಆಂಧ್ರದ ಕಡಪ ಜಿಲ್ಲೆಯದು, 1369ರದು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ ಅಲ್ಲೊಂದು ದೊಡ್ಡ ಕೆರೆ ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಕಲ್ಲಿನಲ್ಲಿ ಕೆತ್ತಿಸಿದ. ಧರ್ಮವಂತನಾದ ದೊರೆ ಇರಬೇಕು, ಜಲಶಾಸ್ತ್ರ ಬಲ್ಲವನಿರಬೇಕು, ತಳದ ಮಣ್ಣು ಗಟ್ಟಿಯಾಗಿರಬೇಕು, ಸಿಹಿನೀರಿನ ಹೊಳೆ ದೂರದಿಂದ ಹರಿದು ಬರಬೇಕು, ಉದ್ದನೆಯ ನೇರ ಕಲ್ಲು ಸಿಗುವ ಗಣಿ ಹತ್ತಿರವಿರಬೇಕು, ಕಟ್ಟಬಲ್ಲ ಆಳುಗಳಿರಬೇಕು. ಆರು ದೋಷಗಳನ್ನೂ ಹೇಳಿದೆ. ಏರಿಯಲ್ಲಿ ನೀರು ಜಿನುಗುವುದು, ಮಣ್ಣು ಸವುಳಾಗಿರುವುದು ದೋಷಗಳೆಂಬುದು ಯಾರಿಗಾದರೂ ತಿಳಿಯುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದು ದೋಷವಂತೆ! ಈ ಕಾಲದ ನ್ಯಾಯಮಂಡಳಿಗಳನ್ನು ಆ ಶಾಸನಕಾರ ಕನಸಿನಲ್ಲಿ ಕಂಡಿದ್ದನೋ ಏನೋ.

ಇಂಥ ದೇಶಕ್ಕೆ ಆಂಗ್ಲರು ಆಳಲು ಬಂದಾಗ ಅವರ ಕೈಯಲ್ಲಿದ್ದುದು ಟ್ಯಾಂಕ್ ಎಂಬ ಒಂದೇ ಒಂದು ಪದ. ನಮ್ಮಲ್ಲಿ ಕೆರೆ, ಕಟ್ಟೆ, ಕುಂಟೆ, ಹೊಂಡ, ಕಲ್ಯಾಣಿ, ಮದಗ ಎಂದು ಗಾತ್ರಕ್ಕೊಂದು, ಉಪಯೋಗಕ್ಕೊಂದು ಹೆಸರು. ದನ ಕುಡಿಯುವ ಗೋಕಟ್ಟೆ ಬೇರೆ, ದೇವರ ಅಭಿಷೇಕದ ಕಲ್ಯಾಣಿ ಬೇರೆ, ದುರ್ಗದ ಕೋಟೆಯೊಳಗಿನ ಅಕ್ಕ ತಂಗಿಯರ ಹೊಂಡ ಬೇರೆ. ಅವರ ಕಡತಗಳಲ್ಲಿ ಎಲ್ಲವೂ ಟ್ಯಾಂಕೇ ಆಯಿತು. ಏರಿ ‘ಟ್ಯಾಂಕ್ ಬಂಡ್’ ಆಯಿತು, ಅಂಗಳ ‘ಟ್ಯಾಂಕ್ ಬೆಡ್’ ಆಯಿತು, ತೂಬು ‘ಸ್ಲೂಯಿಸ್’, ಕೋಡಿ ‘ವೇಸ್ಟ್ ವಿಯರ್’ ಆಯಿತು. ಕೋಡಿಯ ನೀರನ್ನು ಅವರು ವೇಸ್ಟ್ ಎಂದರು. ನಮ್ಮಲ್ಲಿ ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಬದುಕು. ಅಚ್ಚುಕಟ್ಟಿಗೆ ಮಾತ್ರ ಅವರಿಗೆ ಸಾಟಿ ಪದ ಸಿಗಲಿಲ್ಲ, ಅದನ್ನು ಹಾಗೆಯೇ ಇಂಗ್ಲಿಷ್ ಕಡತಕ್ಕೆ ಸೇರಿಸಿಕೊಂಡರು. ಅವರಲ್ಲಿ ಗುಣಗ್ರಾಹಿಗಳು ಇರಲಿಲ್ಲವೆಂದಲ್ಲ. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ 1866ರಲ್ಲಿ, ಈ ಸೀಮೆಯಲ್ಲಿ ಹೊಸ ಕೆರೆಯೊಂದಕ್ಕೆ ಜಾಗ ಹುಡುಕುವುದಕ್ಕೇ ಜಾಣತನ ಬೇಕು, ಅಷ್ಟರಮಟ್ಟಿಗೆ ಹಿಂದಿನವರು ಕಟ್ಟಿ ಮುಗಿಸಿದ್ದಾರೆ ಎಂಬ ಭಾವದ ಮಾತನ್ನು ಬರೆದ. ಅವನ ಹೆಸರಿನ ಸ್ಯಾಂಕಿ ಟ್ಯಾಂಕ್ 1882ರಲ್ಲಿ ಬೆಂಗಳೂರಿನಲ್ಲಿ ಆಯಿತು. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳು ಲೆಕ್ಕದಲ್ಲಿವೆ.

ನಮ್ಮ ಅಜ್ಜನಿಗೆ ಗೊತ್ತಿದ್ದುದು ಈ ಕಡತದ ಟ್ಯಾಂಕ್. ಆತ ಏರಿ ದುರಸ್ತಿಯ ಕೆಲಸಕ್ಕೆ ಹೋಗುತ್ತಿದ್ದವನು. ಓವರ್‌ಸಿಯರ್‌ಗಳ ಬಾಯಿಂದ ಆ ಮಾತು ಕಲಿತಿದ್ದ. 1971ರ ಡಿಸೆಂಬರಿನ ಯುದ್ಧದ ದಿನಗಳು. ನನಗೆ ಹನ್ನೆರಡು ವರ್ಷ. ಊರಿನ ಪಂಚಾಯಿತಿ ರೇಡಿಯೋದ ಮುಂದೆ ಎಲ್ಲರೂ ಕೂಡಿದ್ದರು. ವೈರಿಗಳ ಇಷ್ಟು ಟ್ಯಾಂಕುಗಳು ನಾಶವಾದವು ಎಂದು ವಾರ್ತೆಯಲ್ಲಿ ಬಂತು. ಹುಡುಗರೆಲ್ಲ ಚಪ್ಪಾಳೆ ತಟ್ಟಿದೆವು. ಅಜ್ಜ ಮಾತ್ರ ಹಣೆಗೆ ಕೈ ಹಚ್ಚಿ, “ಅಷ್ಟೂ ಟ್ಯಾಂಕು ಒಡೆದು ಬಿಟ್ರೇನೋ? ಯಾರ ದೇಶದ್ದಾದ್ರೇನು, ಕೆಳಗಿನ ಗದ್ದೆ ಗತಿ ಏನು?” ಎಂದ. ನಾವು ಬಿದ್ದು ಬಿದ್ದು ನಕ್ಕೆವು. ಈಗ ಲೆಕ್ಕ ಹಾಕಿದರೆ, ಆ ಪದಕ್ಕೆ ನಾನು ನಕ್ಕಿದ್ದು ಅದೇ ಮೊದಲು. ಒಂಬತ್ತನೆಯ ತರಗತಿಯದು ಎರಡನೆಯದು.

ಹಾಗಾದರೆ ಯುದ್ಧದ ಟ್ಯಾಂಕ್ ಎಲ್ಲಿಂದ ಬಂತು? ಅದು ಬೇರೆ ಪದವೇ ಎಂದು ಬಹಳ ಕಾಲ ನಂಬಿದ್ದೆ. ಅಲ್ಲ, ಅದೇ ಪದ, ಅದೇ ನೀರು. ಮೊದಲ ಮಹಾಯುದ್ಧದಲ್ಲಿ ಕಂದಕಗಳನ್ನೂ ಮುಳ್ಳುತಂತಿಗಳನ್ನೂ ದಾಟುವ ಕವಚವಾಹನವೊಂದನ್ನು ಬ್ರಿಟಿಷರು ರಹಸ್ಯವಾಗಿ ಸಿದ್ಧಪಡಿಸುತ್ತಿದ್ದರು. ‘ನೆಲದ ಹಡಗು’ ಎಂದು ಅವರ ಒಳಗಿನ ಹೆಸರು. ನೌಕಾಖಾತೆಯ ಚರ್ಚಿಲ್ 1915ರಲ್ಲಿ ಇದಕ್ಕೊಂದು ಸಮಿತಿಯನ್ನೇ ಮಾಡಿದ್ದ. ಲಿಂಕನ್ ಪಟ್ಟಣದಲ್ಲಿ ಕೃಷಿಯಂತ್ರ ತಯಾರಿಸುತ್ತಿದ್ದ ಫಾಸ್ಟರ್ ಕಂಪನಿಯಲ್ಲಿ ಕೆಲಸ ನಡೆದಿತ್ತು. ಆ ಹೆಸರು ಹೊರಬಿದ್ದರೆ ಗುಟ್ಟು ರಟ್ಟಾಗುತ್ತದೆ. ಮೆಸಪೊಟೇಮಿಯದ ಮರುಭೂಮಿಯ ಸೈನಿಕರಿಗೆ ನೀರು ಒಯ್ಯುವ ಬಂಡಿಗಳೆಂದು ಸುದ್ದಿ ಹಬ್ಬಿಸಿದರು. ಹೆಸರಿಡಲು ಕುಳಿತ ಅಧಿಕಾರಿಗಳಲ್ಲಿ ಒಬ್ಬನಾದ ಅರ್ನೆಸ್ಟ್ ಸ್ವಿಂಟನ್ ಆ ಪ್ರಸಂಗವನ್ನು ನೆನೆದಿದ್ದಾನೆ: ರಿಸರ್ವಾಯರ್, ಸಿಸ್ಟರ್ನ್ ಮೊದಲಾದವನ್ನು ತಳ್ಳಿಹಾಕಿ, ಚಿಕ್ಕದಾಗಿದೆಯೆಂಬ ಕಾರಣಕ್ಕೆ ಟ್ಯಾಂಕ್ ಎಂಬುದನ್ನು 1915ರ ಡಿಸೆಂಬರಿನಲ್ಲಿ ಆರಿಸಿದರು. ಕೆಲವು ವಾಹನಗಳ ಮೇಲೆ ‘ಎಚ್ಚರಿಕೆಯಿಂದ ಪೆಟ್ರೊಗ್ರಾಡಿಗೆ’ ಎಂದು ರಷ್ಯನ್ ಭಾಷೆಯಲ್ಲಿ ಬರೆಸಿದರಂತೆ, ನೋಡಿದವರು ರಷ್ಯಕ್ಕೆ ಹೋಗುವ ನೀರಿನ ತೊಟ್ಟಿಯೆಂದು ತಿಳಿಯಲಿ ಎಂದು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ನದಿಯ ರಣರಂಗದಲ್ಲಿ ಅವು ಮೊದಲ ಬಾರಿಗೆ ಹೊರಬಿದ್ದವು. ಅಂದಿನ ದಾಳಿಗೆ ಇದ್ದುದು 49. ಅನೇಕವು ದಾರಿಯಲ್ಲೇ ಕೆಟ್ಟು ನಿಂತವು. ಗುಟ್ಟು ಬಯಲಾದ ಮೇಲೂ ಸುಳ್ಳು ಹೆಸರು ಉಳಿದುಕೊಂಡಿತು. ಆಯ್ಕೆ ಒಂದು ಹೆಜ್ಜೆ ಆಚೀಚೆ ಆಗಿದ್ದರೆ ಇಂದು ಸೈನ್ಯದವರು ‘ರಿಸರ್ವಾಯರ್’ ಹತ್ತಿ ಯುದ್ಧಕ್ಕೆ ಹೋಗುತ್ತಿದ್ದರು, ನಮ್ಮ ಮಾರಿಕಣಿವೆಯವರಿಗೆ ಮುಜುಗರವಾಗುತ್ತಿತ್ತು.

ಉಳಿದ ಅರ್ಥಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದವರು ಈಜುಕೊಳಕ್ಕೂ ಟ್ಯಾಂಕ್ ಎನ್ನುತ್ತಿದ್ದರು. ಅದರಲ್ಲಿ ತೊಡುತ್ತಿದ್ದ ಈಜುಡುಗೆಯಿಂದ ಬಂದುದು ನಿಮ್ಮ ಮಕ್ಕಳು ತೊಡುವ ತೋಳಿಲ್ಲದ ‘ಟ್ಯಾಂಕ್ ಟಾಪ್’. ಕುಸ್ತಿಪಟುವೊ ಟೆನಿಸ್ ಆಟಗಾರನೊ ಬೇಕೆಂದೇ ಸೋತರೆ ‘ಟ್ಯಾಂಕ್’ ಮಾಡಿದ ಎನ್ನುತ್ತಾರೆ; ಕೊಳಕ್ಕೆ ಧುಮುಕಿದಂತೆ ನೆಲಕ್ಕೆ ಬಿದ್ದ ಎಂಬ ಮೂದಲಿಕೆ. ‘ಥಿಂಕ್ ಟ್ಯಾಂಕ್’ ಮೊದಲು ತಲೆಬುರುಡೆಗಿದ್ದ ತಮಾಷೆಯ ಹೆಸರು, ಆಮೇಲೆ ಚಿಂತಕರ ಸಂಸ್ಥೆಗಳಿಗಾಯಿತು. ಬಿಯರ್ ಕುಡಿಯುವ ‘ಟ್ಯಾಂಕರ್ಡ್’ಗೂ ಇದಕ್ಕೂ ಸಂಬಂಧವಿಲ್ಲ, ಅದು ಇನ್ನೂ ಹಳೆಯ ಪದ. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸುವುದು ಎಲ್ಲರಿಗೂ ಗೊತ್ತು. ಸಂಜೆಯ ಮೇಲೆ ಬೇರೆ ಬಗೆಯ ಟ್ಯಾಂಕ್ ಫುಲ್ ಮಾಡಿಕೊಳ್ಳುವವರ ವಿಚಾರ ಮೇಷ್ಟ್ರು ಬರೆಯುವುದು ಬೇಡ.

ನಮ್ಮಲ್ಲಿ ಈಗ ಟ್ಯಾಂಕ್ ಎಂದರೆ ತಾರಸಿಯ ಮೇಲಿನ ಕರಿ ಡ್ರಮ್ಮು. ಯಾವ ಕಂಪನಿಯದಾದರೂ ಅದಕ್ಕೆ ‘ಸಿಂಟೆಕ್ಸ್’ ಎಂದೇ ಹೆಸರು. ಸಿಂಟೆಕ್ಸ್ ಹುಟ್ಟಿದ್ದು ಗುಜರಾತಿನ ಕಲೋಲಿನಲ್ಲಿ. ಟಾಂಕು ಎಂಬ ಮಾತು ಇರುವ ಸೀಮೆಯಿಂದಲೇ ಟ್ಯಾಂಕೂ ಬಂದಿತು! ಊರಿಗೊಂದು ಇದ್ದುದು ಮನೆಗೊಂದಾಯಿತು. ಕೆರೆಗೆ ನೀರಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಕೈಯಲ್ಲಿತ್ತು. ಹೂಳು ತೆಗೆಯುವುದಕ್ಕೆ ಊರೇ ಬರಬೇಕಿತ್ತು. ತಾರಸಿಯ ಟ್ಯಾಂಕಿಗೆ ಒಂದು ಸ್ವಿಚ್ಚು ಸಾಕು. ಕೊಳವೆಬಾವಿ ಬಂದ ಮೇಲೆ ಕೆರೆಗೆ ಬರುವ ಹಳ್ಳಗಳ ಗೊಡವೆ ಯಾರಿಗೂ ಬೇಡವಾಯಿತು. ನಾನು ಕೆಂಪು ಶಾಯಿಯಲ್ಲಿ ಟ್ಯಾಂಕನ್ನು ತಾರಸಿಗೆ ಏರಿಸಿದೆ ಎಂದೆನಲ್ಲ, ಊರೂ ಅದೇ ಕೆಲಸ ಮಾಡುತ್ತಿತ್ತು.

ಬೆಂಗಳೂರಿನಲ್ಲಿರುವವರು ಇನ್ನೊಂದು ಸಂಗತಿ ಗಮನಿಸಿ. ಹಳೆಯ ನಕ್ಷೆಗಳಲ್ಲಿ ಹಲಸೂರು ಟ್ಯಾಂಕ್, ಸಂಪಂಗಿ ಟ್ಯಾಂಕ್ ಎಂದಿರುತ್ತದೆ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಪಕ್ಕದ ರಸ್ತೆಗೆ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಷ್ಟೇ ಉಳಿದಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದವು ಕ್ರಮೇಣ ಇಂಗ್ಲಿಷಿನಲ್ಲಿ ‘ಲೇಕ್’ ಆದವು. ಲೇಕ್ ಎಂದರೆ ನೋಡಲು, ದಡದಲ್ಲಿ ನಡೆಯಲು. ಟ್ಯಾಂಕ್ ಎಂದರೆ ಗದ್ದೆಗೆ. ಗದ್ದೆ ಹೋದಮೇಲೆ ಹೆಸರೂ ಹೋಗುವುದು ಸಹಜವೇ. ಸರ್ಕಾರ 2014ರಲ್ಲಿ ಕೆರೆಗಳ ರಕ್ಷಣೆಗೆ ಕಾಯ್ದೆ ಮಾಡಿದಾಗಲೂ ಇಂಗ್ಲಿಷ್ ಹೆಸರಿನಲ್ಲಿ ‘ಲೇಕ್’ ಎಂದೇ ಇಟ್ಟಿತು. 2018ರ ತಿದ್ದುಪಡಿಯಲ್ಲಿ ಅದನ್ನು ‘ಟ್ಯಾಂಕ್’ ಎಂದು ಬದಲಾಯಿಸಿತು. ಕನ್ನಡದಲ್ಲಿ ಕೆರೆ ಕೆರೆಯೇ. ವಿಧಾನಸೌಧದವರು ತಿದ್ದಿಕೊಂಡರು, ನಾನು ಮಾತ್ರ ಆ ನೋಟ್ ಪುಸ್ತಕವನ್ನು ತಿದ್ದಲಾಗಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾವೆಲ್ಲ ನೋಡಲು ಹೋದೆವು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ್ದು. ಅದಕ್ಕೆ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. 130 ಅಡಿ ತುಂಬಿದ್ದನ್ನು ಕಂಡಿರಲಿಲ್ಲ ನಮ್ಮಪ್ಪ. ಜನ ಹಬ್ಬದ ಬಟ್ಟೆ ತೊಟ್ಟು ಬಂದಿದ್ದರು, ಬಾಗಿನದ ಮೊರ ಹಿಡಿದ ಹೆಂಗಸರೂ ಇದ್ದರು. ಆ ಗುಂಪಿನಲ್ಲಿ ಹಳೆಯ ವಿದ್ಯಾರ್ಥಿಗಳು ಹಲವರು ಸಿಕ್ಕರು. ನಾನು ಹುಡುಕುತ್ತಿದ್ದವನು ಸಿಗಲಿಲ್ಲ.

ಸಿಕ್ಕಿದ್ದು 2024ರ ಏಪ್ರಿಲ್ ತಿಂಗಳಲ್ಲಿ, ನಮ್ಮ ಮನೆಯ ಬಾಗಿಲಲ್ಲೇ. ಬಡಾವಣೆಯ ಕೊಳವೆಬಾವಿಯ ಮೋಟಾರು ಸುಟ್ಟು ನಾಲ್ಕು ದಿನವಾಗಿತ್ತು. ಪಕ್ಕದ ಮನೆಯವರು ನೀರಿನ ಟ್ಯಾಂಕರಿನವನ ನಂಬರು ಕೊಟ್ಟರು. ಟ್ರ್ಯಾಕ್ಟರಿನಿಂದ ಇಳಿದವನ ತಲೆ ಅರ್ಧ ನರೆತಿತ್ತು. ಮುಖ ನೋಡಿದೊಡನೆ ಗುರುತು ಹತ್ತಿತು. ಕಾಲಿಗೆ ನಮಸ್ಕಾರ ಮಾಡಿದ. ಊರಲ್ಲಿ ಅವನನ್ನು ಇಂದಿಗೂ ಟ್ಯಾಂಕ್ ಎಂದೇ ಕರೆಯುತ್ತಾರೆ. ಅವನ ವ್ಯಾಪಾರದಿಂದ ಬಂದ ಹೆಸರೆಂದು ನಮ್ಮ ನೆರೆಯವರು ತಿಳಿದಿದ್ದಾರೆ.

ಅಂಗಳದಲ್ಲೇ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವನು ಬರೆದುದೇ ಸರಿಯೆಂದೆ, ತಪ್ಪು ನನ್ನದೆಂದೆ. ನಿಘಂಟನ್ನು ತಂದು ಆ ಪುಟವನ್ನೂ ತೋರಿಸಿದೆ. ಅವನು ಸ್ವಲ್ಪ ಹೊತ್ತು ಆ ಸಣ್ಣ ಅಕ್ಷರಗಳನ್ನು ನೋಡಿದ. ಆ ಪ್ರಬಂಧ ಅವನಿಗೆ ನೆನಪೇ ಇರಲಿಲ್ಲ. ಹೆಸರು ಯಾಕೆ ಬಿತ್ತು ಎಂಬುದನ್ನೂ ಮರೆತಿದ್ದ. ನಕ್ಕದ್ದು ಮಾತ್ರ ನೆನಪಿತ್ತು.

“ಹಂಗಾದ್ರೆ ಈಗ ಮಾರ್ಕ್ಸ್ ಹಾಕ್ತೀರಾ ಸಾರ್?” ಎಂದು ನಕ್ಕು, ಪೈಪಿನ ಸುರುಳಿ ಬಿಚ್ಚುತ್ತ ಕೇಳಿದ: “ನೀರು ಸಂಪಿಗೆ ಬಿಡ್ಲಾ, ಮೇಲಿನ ಟ್ಯಾಂಕಿಗೆ ಹತ್ತಿಸ್ಲಾ?”